ಕಾಲೋ, ನಡಿಗೆಯೋ?

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಅನಂತಶಯನಗುಡಿಯನ್ನು ಹಿಂದೆ ಹಾಕಿ ಸ್ವಲ್ಪ ದೂರ ಸಾಗಿದರೆ ಕಡ್ಡಿರಾಂಪುರ ಬರುತ್ತದೆ. ಹಂಪಿಯನ್ನು ನೋಡಲು ಹೊರಟವರು ಈ ಊರಿನಲ್ಲಿ ಇಳಿಯುವ ವಾಡಿಕೆ ಇಲ್ಲ. ಬಸ್ಸಿನ ಕಿಟಕಿಯಿಂದ ಬಾಳೆಯ ತೋಟ, ಕಬ್ಬಿನ ಗದ್ದೆ, ದುಂಡು ಬಂಡೆಗಳ ಗುಡ್ಡ ಕಾಣುತ್ತವೆ. ಹಳೆಯ ಮುಸಲ್ಮಾನ ಗೋರಿಗಳೆರಡು ಇಲ್ಲಿವೆಯೆಂಬುದನ್ನು ಬಲ್ಲವರು ಕಡಿಮೆ. ನನಗೆ ಈ ಊರಿನ ನಂಟು ಬೇರೆ ಬಗೆಯದು. ನನ್ನ ಬಳಿ ಓದಿದ ಹುಡುಗನೊಬ್ಬ ಅಲ್ಲಿ ಬಾಳೆ ಬೆಳೆಯುತ್ತಾನೆ. ಹುಡುಗನೆಂದರೆ ಈಗ ನಲವತ್ತೈದು ದಾಟಿದವನು. ಮೇಷ್ಟರಿಗೆ ಶಿಷ್ಯರು ಎಂದೂ ಹುಡುಗರೇ.

ಎರಡು ವರ್ಷದ ಹಿಂದೆ ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ಕೂತುಕೊಳ್ಳೆಂದರೂ ಕೂರಲಿಲ್ಲ. “ಮೇಷ್ಟ್ರೇ, ಮಗಳ ಕಾಲು ತೆಗೀಬೇಕು ಅಂತ ಒಬ್ರು ಹೇಳ್ತಾರೆ, ಉಳಿಸಬಹುದು ಅಂತ ಇನ್ನೊಬ್ರು ಹೇಳ್ತಾರೆ. ನೀವು ಓದಿದೋರು. ಯಾವುದು ಸರಿ ಅಂತ ನೀವೇ ಹೇಳ್ರಿ,” ಎಂದ. ನಾನು ಓದಿದ್ದು ಇತಿಹಾಸ. ಮೂವತ್ತು ವರ್ಷ ಪಾಠ ಹೇಳಿದ್ದೂ ಅದನ್ನೇ. ಕೃಷ್ಣದೇವರಾಯನ ದಂಡಯಾತ್ರೆಗಳನ್ನು ಕೇಳಿದ್ದರೆ ಹೇಳುತ್ತಿದ್ದೆ. ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕಾಗಿ ಓದಿದೆ, ಬಲ್ಲ ವೈದ್ಯರನ್ನು ಕೇಳಿದೆ, ತಪ್ಪು ತೀರ್ಮಾನವನ್ನೂ ಮಾಡಿದೆ. ಅದೆಲ್ಲವನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಹುಡುಗಿಗೆ ಆಗ ಹದಿನಾರು. ಪಿಯುಸಿ ಮೊದಲ ವರ್ಷ. ಎಡಗಾಲಿನ ಮಂಡಿಯ ಮೇಲೆ ನೋವೆಂದು ಹೇಳತೊಡಗಿ ಆರು ತಿಂಗಳಾಗಿತ್ತು. ಖೋಖೋ ಆಡುವಾಗ ಬಿದ್ದದ್ದೊಂದು ನೆನಪಿತ್ತು. ನೋವಿಗೆ ಅದೇ ಕಾರಣವೆಂದು ಮನೆಯವರೆಲ್ಲ ನಂಬಿದರು. ರಾತ್ರಿ ಸುಮ್ಮನೆ ಮಲಗಿರುವಾಗಲೂ ನೋಯುವುದು ಹಳೆಯ ಪೆಟ್ಟಿನ ಲಕ್ಷಣವಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಮೂಳೆ ಕಟ್ಟುವವರೊಬ್ಬರು ಎಣ್ಣೆ ಹಚ್ಚಿ ನೀವಿದರು, ಪಟ್ಟಿ ಕಟ್ಟಿದರು. ನೀವಿದಂತೆಲ್ಲ ಬಾವು ಹೆಚ್ಚಿತು. ಅವರನ್ನು ದೂರಲಾರೆ. ಉಳುಕಿಗೂ ಮುರಿತಕ್ಕೂ ಅವರ ಕೈಯನ್ನು ನಂಬಿ ವಾಸಿಯಾದವರು ಆ ಕಡೆ ಎಷ್ಟೋ ಜನ ಇದ್ದಾರೆ. ಇದು ಆ ಜಾತಿಯ ನೋವಾಗಿರಲಿಲ್ಲ, ಅಷ್ಟೆ. ಕೊನೆಗೆ ಬಳ್ಳಾರಿಯಲ್ಲಿ ತೆಗೆದ ಎಕ್ಸ್‌ರೇ ನೋಡಿದ ವೈದ್ಯರು ತಡಮಾಡದೆ ಬೆಂಗಳೂರಿಗೆ ಹೋಗಿರೆಂದರು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಇಳಿದರು. ಮೂಳೆಯ ಚೂರನ್ನು ತೆಗೆದು ಪರೀಕ್ಷಿಸಿ ರೋಗದ ಹೆಸರು ಹೇಳಿದರು: ಆಸ್ಟಿಯೋಸಾರ್ಕೋಮಾ.

ಸಾರ್ಕೋಮಾ ಎಂಬುದು ಗ್ರೀಕ್ ಮೂಲದ ಮಾತು. ಮಾಂಸವೆಂಬ ಅರ್ಥದಿಂದ ಹುಟ್ಟಿದ್ದು. ನಾವು ಹೆಚ್ಚಾಗಿ ಕೇಳುವ ಬಾಯಿಯ, ಸ್ತನದ, ಗರ್ಭಕಂಠದ ಕ್ಯಾನ್ಸರುಗಳು ಆಯಾ ಅಂಗಗಳ ಪದರಗಳಲ್ಲಿ ಹುಟ್ಟುತ್ತವೆ. ಇದಾದರೋ ಮೂಳೆ, ಸ್ನಾಯು, ಕೊಬ್ಬು ಮುಂತಾದ, ದೇಹವನ್ನು ಎತ್ತಿ ನಿಲ್ಲಿಸಿರುವ ಸಾಮಗ್ರಿಯಲ್ಲೇ ಹುಟ್ಟುವಂಥದು. ದೊಡ್ಡವರಿಗೆ ಬರುವ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಈ ಜಾತಿಯದು. ಮಕ್ಕಳಲ್ಲಿ ಇದರ ಪಾಲು ಬಹಳ ಹೆಚ್ಚು. ಮೂಳೆಯ ಸಾರ್ಕೋಮಾ ಮಕ್ಕಳು ಸರಸರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ, ಆ ಬೆಳವಣಿಗೆ ಬಿರುಸಾಗಿರುವ ಮಂಡಿಯ ಆಸುಪಾಸಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಈ ಗಡ್ಡೆಗೆ ಒಂದು ಮೋಸದ ಗುಣವಿದೆ. ಸುತ್ತಲಿನ ಮಾಂಸವನ್ನು ಒತ್ತಿ ಒತ್ತಿ, ತನಗೊಂದು ಚೀಲ ಹೊಲಿದುಕೊಂಡಂತೆ ಕಾಣುತ್ತದೆ. ತಿಳಿಯದವರು ಆ ಚೀಲದ ಅಂಚಿನಲ್ಲಿ ಬಿಡಿಸಿದರೆ ಹಣ್ಣಿನಿಂದ ಬೀಜ ಬಂದಷ್ಟು ಸಲೀಸಾಗಿ ಹೊರಗೆ ಬರುತ್ತದೆ. ಆದರೆ ಆ ಚೀಲದ ಗೋಡೆಯಲ್ಲೂ ಅದರಾಚೆಗೂ ರೋಗದ ಕಣಗಳು ಉಳಿದುಬಿಡುತ್ತವೆ. ಆದ್ದರಿಂದ ಶಸ್ತ್ರವೈದ್ಯನಾದವನು ಗಡ್ಡೆಯನ್ನು ಕಣ್ಣಿಂದ ನೋಡಲೇ ಬಾರದು. ಸುತ್ತಲೂ ಆರೋಗ್ಯವಾದ ಮಾಂಸದ ಹೊದಿಕೆಯನ್ನು ಬಿಟ್ಟು, ಅದರೊಡನೆಯೇ ಇಡಿಯಾಗಿ ತೆಗೆಯಬೇಕು. ಪರೀಕ್ಷೆಗೆಂದು ಸೂಜಿ ಚುಚ್ಚಿದ ದಾರಿಯನ್ನು ಕೂಡ ಬಿಡುವಂತಿಲ್ಲ. ಸುಶ್ರುತ ಸಂಹಿತೆ ಅರ್ಬುದದ ಚಿಕಿತ್ಸೆಯನ್ನು ಹೇಳುವಾಗ ಈ ತತ್ವವನ್ನೇ ಹೇಳುತ್ತದೆ: ಸ್ವಲ್ಪ ಉಳಿದರೂ ಬೇಗನೆ ಮತ್ತೆ ಬೆಳೆಯುತ್ತದೆ, ಬೆಂಕಿಯಂತೆ ಕೊಲ್ಲುತ್ತದೆ, ಶೇಷವಿಲ್ಲದಂತೆ ತೆಗೆಯಬೇಕು ಎಂದು. ನಮ್ಮಲ್ಲಿ ಎಲ್ಲವೂ ಇತ್ತೆಂದು ಬೀಗುವವರ ಸಾಲಿಗೆ ಸೇರಿದವನಲ್ಲ ನಾನು. ಆದರೂ ಈ ಮಾತನ್ನು ಓದಿದಾಗ ಅದನ್ನು ಬರೆದವನು ಎಷ್ಟು ರೋಗಿಗಳನ್ನು ಕಳೆದುಕೊಂಡು ಅದನ್ನು ಕಲಿತನೋ ಎನಿಸಿತು.

ಶೇಷವಿಲ್ಲದಂತೆ ತೆಗೆಯುವುದಕ್ಕೆ ಬಹುಕಾಲ ಇದ್ದದ್ದು ಒಂದೇ ಉಪಾಯ: ಕಾಲನ್ನೇ ತೆಗೆಯುವುದು. ತೆಗೆದರು. ಆದರೂ ಮಕ್ಕಳು ಉಳಿಯಲಿಲ್ಲ. 1970ರ ದಶಕಕ್ಕೆ ಮುಂಚೆ, ಕಾಲನ್ನು ಕಳೆದುಕೊಂಡ ಮೇಲೂ ಐವರಲ್ಲಿ ಸುಮಾರು ನಾಲ್ವರು ಈ ರೋಗದಿಂದಲೇ ತೀರಿಕೊಳ್ಳುತ್ತಿದ್ದರು. ಕತ್ತಿ ತಾಗುವ ಮೊದಲೇ ಕಾಣದ ಬೀಜಗಳು ಶ್ವಾಸಕೋಶವನ್ನು ಸೇರಿರುತ್ತಿದ್ದವು. ಕೆನಡಾದ ಟೆರಿ ಫಾಕ್ಸ್ ಎಂಬ ತರುಣನ ಹೆಸರನ್ನು ವಾಚಕರು ಕೇಳಿರಬಹುದು. 1977ರಲ್ಲಿ ಇದೇ ರೋಗಕ್ಕಾಗಿ ಅವನ ಬಲಗಾಲನ್ನು ಮಂಡಿಯ ಮೇಲೆ ತೆಗೆದರು. 1980ರಲ್ಲಿ ಅವನು ಕೃತಕ ಕಾಲಿನ ಮೇಲೆ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು, 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದ. ಓಟ ನಿಂತದ್ದು ಕಾಲು ಸೋತು ಅಲ್ಲ, ರೋಗ ಶ್ವಾಸಕೋಶಕ್ಕೆ ಬಂದು. 1981ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು ವರ್ಷ.

ಕೀಮೋಥೆರಪಿ ಬಂದ ಮೇಲೆ, ರೋಗ ಬೇರೆಡೆಗೆ ಹರಡದೆ ಇದ್ದಾಗ ಚಿಕಿತ್ಸೆ ಶುರುಮಾಡಿದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಉಳಿಯತೊಡಗಿದರು. ಅದರ ಜೊತೆಗೇ ಇನ್ನೊಂದು ಪ್ರಶ್ನೆ ಎದ್ದಿತು. ಜೀವವನ್ನು ಕಾಯುತ್ತಿರುವುದು ಔಷಧಿಯಾದರೆ ಕಾಲನ್ನು ಪೂರ್ತಿ ತೆಗೆಯುವುದು ಅಗತ್ಯವೇ? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರೋಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಮೃದು ಅಂಗಾಂಶದ ಸಾರ್ಕೋಮಾ ಇದ್ದ 43 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 16 ಜನರಿಗೆ ಕೈಯೋ ಕಾಲೋ ತೆಗೆದರು. 27 ಜನರಿಗೆ ಗಡ್ಡೆಯನ್ನು ಮಾತ್ರ ಅಗಲವಾಗಿ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರು. ಅಂಗವನ್ನು ಉಳಿಸಿಕೊಂಡವರಲ್ಲಿ ನಾಲ್ವರಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸಿತು. ತೆಗೆಸಿಕೊಂಡವರಲ್ಲಿ ಒಬ್ಬರಿಗೂ ಇಲ್ಲ. ಆದರೆ ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರವೇನೂ ಕಾಣಲಿಲ್ಲ. ಇದು ಪ್ರಕಟವಾದದ್ದು 1982ರಲ್ಲಿ. ಮೂಳೆಯ ಸಾರ್ಕೋಮಾದ ವಿಷಯದಲ್ಲೂ ಮುಂದೆ ವೈದ್ಯರು ಬಂದು ನಿಂತದ್ದು ಈ ತೀರ್ಮಾನದ ಸಮೀಪಕ್ಕೇ.

ಇದು ಶಸ್ತ್ರವಿದ್ಯೆಯ ಗೆಲುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೋಗಿಯ ಮನೆಯವರಿಗೆ ಅದು ತಂದಿಟ್ಟ ಕಷ್ಟವನ್ನು ನೋಡಿ. ಕಾಲು ತೆಗೆಯದಿದ್ದರೆ ಜೀವ ಹೋಗುತ್ತದೆಂದು ವೈದ್ಯರು ಹೇಳುವಷ್ಟು ಕಾಲ ಅಲ್ಲಿ ಧರ್ಮಸಂಕಟವೆಂಬುದು ಇರಲಿಲ್ಲ; ಅಳುವುದಿತ್ತು, ಒಪ್ಪುವುದಿತ್ತು. ಎರಡು ದಾರಿಯೂ ಜೀವದ ಮಟ್ಟಿಗೆ ಒಂದೇ ಎಂದ ಕೂಡಲೇ ವೈದ್ಯಶಾಸ್ತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹೇಗೆ ಬದುಕಬೇಕು, ಯಾವುದನ್ನು ಬಿಟ್ಟು ಬದುಕಬಹುದು ಎಂಬ ಹಳೆಯ ಪ್ರಶ್ನೆ ಬಾಳೆ ತೋಟದವನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಎಲ್ಲರಿಗೂ ಈ ಆಯ್ಕೆ ಇರುವುದಿಲ್ಲವೆಂಬುದನ್ನೂ ಹೇಳಬೇಕು. ಗಡ್ಡೆ ದೊಡ್ಡ ನರವನ್ನೂ ರಕ್ತನಾಳವನ್ನೂ ಸುತ್ತಿಕೊಂಡಿದ್ದರೆ ಇಂದಿಗೂ ಕಾಲನ್ನೇ ತೆಗೆಯಬೇಕಾದೀತು. ಈ ಹುಡುಗಿಯ ವಿಷಯದಲ್ಲಿ ಅವೆರಡೂ ಸದ್ಯ ದೂರವಿದ್ದವು.

ಅವಳ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು, ರೋಗ ತಗುಲಿದ ತೊಡೆಮೂಳೆಯ ಕೆಳಭಾಗವನ್ನೂ ಮಂಡಿಯನ್ನೂ ತೆಗೆದು ಲೋಹದ ಮೂಳೆ, ಲೋಹದ ಮಂಡಿ ಕೂಡಿಸುವುದು. ಹೊರಗಿನಿಂದ ನೋಡಿದವರಿಗೆ ಉದ್ದನೆಯ ಗಾಯದ ಗುರುತೊಂದು ಬಿಟ್ಟರೆ ಕಾಲು ಕಾಲಿನಂತೆಯೇ ಇರುತ್ತದೆ. ಆದರೆ ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಓಡುವಂತಿಲ್ಲ. ಲೋಹ ಸವೆಯುತ್ತದೆ, ಸಡಿಲವಾಗುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಮತ್ತೆ ಬಿಚ್ಚಿ ಕೂಡಿಸಬೇಕಾಗಿ ಬರುವುದು ಅಪರೂಪವಲ್ಲ. ಒಳಗೆ ಸೋಂಕು ತಗುಲಿದರೆ, ಉಳಿಸಿದ ಕಾಲನ್ನು ಕೊನೆಗೆ ತೆಗೆಯಲೇಬೇಕಾಗಬಹುದು. ಎರಡನೆಯದು, ತೊಡೆಯ ಮಟ್ಟದಲ್ಲಿ ಕಾಲನ್ನು ತೆಗೆದು ಕೃತಕ ಕಾಲು ತೊಡುವುದು. ಒಂದು ಶಸ್ತ್ರಕ್ರಿಯೆಗೆ ಬಹುಮಟ್ಟಿಗೆ ಮುಗಿಯಿತು. ಆದರೆ ನಡೆಯುವುದಕ್ಕೆ ದೇಹದ ಶ್ರಮ ಹೆಚ್ಚು, ಮತ್ತು ಇಲ್ಲದ ಕಾಲು ನೋಯುವುದುಂಟು. ಅಮೆರಿಕದ ಅಂತರ್ಯುದ್ಧದಲ್ಲಿ ಅಂಗ ಕಳೆದುಕೊಂಡ ಸಿಪಾಯಿಗಳನ್ನು ನೋಡಿದ್ದ ವೈದ್ಯ ವೇಯರ್ ಮಿಚೆಲ್ 1871ರಲ್ಲಿ ಇದನ್ನು ಭೂತದ ಅಂಗವೆಂದು ಕರೆದ. ಕತ್ತರಿಸಿ ಹೋದ ಪಾದದ ಹೆಬ್ಬೆರಳು ತುರಿಸುತ್ತದೆ. ಕೆರೆಯೋಣವೆಂದರೆ ಅಲ್ಲಿ ಏನೂ ಇಲ್ಲ.

ಮೂರನೆಯದನ್ನು ಕೇಳಿ ನಾನೇ ಬೆಚ್ಚಿದೆ. ಮಂಡಿಯ ಸುತ್ತಲಿನ ರೋಗದ ಭಾಗವನ್ನು ತೆಗೆದು, ನರ ರಕ್ತನಾಳಗಳನ್ನು ಕಾಪಾಡಿಕೊಂಡು, ಉಳಿದ ಕೆಳಗಾಲನ್ನು ಅರ್ಧ ಸುತ್ತು ತಿರುಗಿಸಿ ತೊಡೆಗೆ ಜೋಡಿಸುತ್ತಾರೆ. ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಪಾದದ ಕೀಲು ಈಗ ಮಂಡಿಯ ಕೆಲಸ ಮಾಡುತ್ತದೆ. ಪಾದಕ್ಕೆ ಕೃತಕ ಕಾಲನ್ನು ತೊಡಿಸುತ್ತಾರೆ. ಬೋರ್ಗ್ರೆವೆ ಎಂಬ ಜರ್ಮನ್ ವೈದ್ಯ ಕ್ಷಯರೋಗದಿಂದ ಹಾಳಾದ ಕಾಲಿಗೆ ಇದನ್ನು ಮಾಡಿ 1930ರಲ್ಲಿ ಪ್ರಕಟಿಸಿದ. 1970ರ ದಶಕದಲ್ಲಿ ವಿಯೆನ್ನಾದ ಸಾಲ್ಜರ್ ಇದನ್ನು ಸಾರ್ಕೋಮಾಕ್ಕೆ ಬಳಸಿದ. ಹೀಗೆ ಮಾಡಿಸಿಕೊಂಡ ಮಕ್ಕಳು ಓಡುತ್ತಾರೆ, ಈಜುತ್ತಾರೆ, ಚೆಂಡಾಡುತ್ತಾರೆ. ಕೆಲಸದ ದೃಷ್ಟಿಯಿಂದ ಮೂರರಲ್ಲಿ ಇದೇ ಮೇಲೆನ್ನುವವರಿದ್ದಾರೆ. ನೋಟದ ದೃಷ್ಟಿಯಿಂದ ಇದರಷ್ಟು ಕಷ್ಟದ್ದು ಬೇರೊಂದಿಲ್ಲ. ನಮ್ಮಲ್ಲಿ ಪಾದ ಹಿಂದುಮುಂದಾಗಿರುವುದು ಯಾರಿಗೆ? ದೆವ್ವಕ್ಕೆ. ವೈದ್ಯರು ಚಿತ್ರ ಬರೆದು ವಿವರಿಸಿದಾಗ ಹುಡುಗಿಯ ತಾಯಿ ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರಂತೆ. ಹುಡುಗಿ ಮಾತ್ರ ನಕ್ಕಳಂತೆ.

ಆ ದಿನಗಳಲ್ಲಿ ಒಮ್ಮೆ ನಾನೂ ನನ್ನ ಶಿಷ್ಯನೂ ಹಂಪಿಯ ಕಡೆ ನಡೆದುಹೋದೆವು. ಮನೆಯಲ್ಲಿ ಕೂತು ಮಾತಾಡಲು ಅವನಿಗೆ ಆಗುತ್ತಿರಲಿಲ್ಲ. ಉಗ್ರನರಸಿಂಹನ ಮುಂದೆ ನಿಂತೆವು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ, ಎತ್ತರ 6.7 ಮೀಟರು. ಕೈಗಳು ಮುರಿದಿವೆ. ತೊಡೆಯ ಮೇಲಿದ್ದ ಲಕ್ಷ್ಮಿ ಇಲ್ಲ. ಅಪ್ಪಿಕೊಂಡಿದ್ದ ಅವಳ ಕೈಯೊಂದು ಮಾತ್ರ ದೇವರ ಬೆನ್ನಿನ ಮೇಲೆ ಉಳಿದುಕೊಂಡಿದೆ. ಮುರಿದಿದ್ದ ಕಾಲುಗಳಿಗೆ ಆಸರೆಯಾಗಿ ಮಂಡಿಗಳ ಅಡ್ಡಕ್ಕೆ ಕಲ್ಲಿನ ಯೋಗಪಟ್ಟವೊಂದನ್ನು 1980ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಕೂಡಿಸಿದರು. ಪಕ್ಕದಲ್ಲೇ, ನೀರಿನೊಳಗೆ ನಿಂತ ಬಡವಿ ಲಿಂಗ ಇದೆ. ಅದು ಭಿನ್ನವಾಗಲಿಲ್ಲ, ಪೂಜೆಯನ್ನೂ ಕಂಡಿತು. ನನ್ನ ಶಿಷ್ಯ ಎರಡನ್ನೂ ನೋಡಿ, “ಭಿನ್ನ ಆದದ್ದಕ್ಕೆ ಪೂಜೆ ಇಲ್ಲ, ಅಲ್ವೇನ್ರಿ ಮೇಷ್ಟ್ರೇ,” ಎಂದ. ಅವನು ಹೇಳಿದ್ದು ದೇವರ ಬಗ್ಗೆಯಲ್ಲವೆಂದು ನನಗೆ ಗೊತ್ತಾಯಿತು. ಮಗಳ ಮದುವೆಯ ಮಾತನ್ನು ತಂದೆಯಾದವನು ಇದಕ್ಕಿಂತ ಸುತ್ತುಬಳಸಿ ಹೇಳಲಾರ.

ಅಂದೇ ನಾನೊಂದು ತೀರ್ಮಾನಕ್ಕೆ ಬಂದೆ. ಕಾಲನ್ನು ಉಳಿಸಬೇಕೆಂಬ ಈ ಹಂಬಲವೆಲ್ಲ ನೋಡುವವರಿಗಾಗಿ ಎಂದುಕೊಂಡೆ. ವಿಗ್ರಹ ಇರುವುದು ನೋಡುವುದಕ್ಕೆ. ಅದು ಅಖಂಡವಾಗಿರಬೇಕೆಂದು ಶಾಸ್ತ್ರ ಕೇಳಿದರೆ ಕೇಳಲಿ. ಕಾಲಿರುವುದು ನಡೆಯುವುದಕ್ಕೆ. ಋಗ್ವೇದದ ಮೊದಲ ಮಂಡಲದಲ್ಲಿ ವಿಶ್ಪಲೆಯ ಪ್ರಸಂಗ ಬರುತ್ತದೆ. ಯುದ್ಧದಲ್ಲಿ ಅವಳ ಕಾಲು ಹೋಯಿತು. ಅಶ್ವಿನೀದೇವತೆಗಳು ಲೋಹದ ಕಾಲು ಕೊಟ್ಟರು, ಮತ್ತೆ ಓಡಲೆಂದು. ವಿಶ್ಪಲೆ ಹೆಂಗಸೋ ಪಂದ್ಯದ ಕುದುರೆಯೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ, ಅದಿರಲಿ. ದೇವವೈದ್ಯರು ಕೊಟ್ಟದ್ದು ಹಳೆಯ ಕಾಲಿನಂತೆ ಕಾಣುವ ಕಾಲನ್ನಲ್ಲ, ಓಡಬಲ್ಲ ಕಾಲನ್ನು. ನನಗೆ ಈ ಕಥೆ ಬಹಳ ಹಿಡಿಸಿತು.

ಇದಕ್ಕೆ ಪುಷ್ಟಿ ಕೊಡುವ ಸಂಗತಿಯೊಂದೂ ಸಿಕ್ಕಿತು. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯಲ್ಲೇ ಷುಗರ್‌ಬೇಕರ್ ಎಂಬವರು ಅಂಗ ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಬಾಳಿನ ನೆಮ್ಮದಿಯನ್ನು ಹೋಲಿಸಿ ನೋಡಿದರು. ಉಳಿಸಿಕೊಂಡವರೇ ಸುಖವಾಗಿರುತ್ತಾರೆಂಬುದು ಹೊರಟಾಗಿನ ನಂಬಿಕೆ. 1982ರಲ್ಲಿ ಪ್ರಕಟವಾದ ಫಲಿತಾಂಶ ಹಾಗೆ ಹೇಳಲಿಲ್ಲ. ಒಟ್ಟಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೆಲವು ವಿಷಯಗಳಲ್ಲಿ ಕಾಲು ಕಳೆದುಕೊಂಡವರೇ ಮೇಲಾಗಿದ್ದರು. ಉಳಿಸಿದ ಕಾಲು ವಿಕಿರಣದಿಂದ ಬಿಗಿದು, ಬಾತು, ನೋಯುತ್ತಿತ್ತು. ವೈದ್ಯರು ಅದರಿಂದ ಪಾಠ ಕಲಿತು ವಿಕಿರಣದ ಕ್ರಮವನ್ನು ತಿದ್ದಿದರು, ವ್ಯಾಯಾಮ ಚಿಕಿತ್ಸೆಯನ್ನು ಸೇರಿಸಿದರು. ನಾನು ಆ ತಿದ್ದುಪಡಿಯ ಕಡೆ ಹೆಚ್ಚು ಗಮನ ಕೊಡಲಿಲ್ಲ. ವಾದ ಗೆಲ್ಲಬೇಕೆಂದು ಓದುವವನು ತನಗೆ ಬೇಕಾದ ಪುಟದಲ್ಲೇ ಪುಸ್ತಕ ಮುಚ್ಚುತ್ತಾನೆ.

ಇನ್ನೊಂದು ಯೋಚನೆಯೂ ಇತ್ತು. ಕುರ್ಚಿಯ ಮೇಲೆ ಕೂತು, ಬೂಟು ಹಾಕಿ ನಡೆಯುವ ದೇಶದಲ್ಲಿ ಲೋಹದ ಮಂಡಿಗೆ ಆಗುವ ಅಡ್ಡಿ ಕಡಿಮೆ. ನಮ್ಮ ಹಳ್ಳಿಯ ಬಾಳು ನೆಲದ ಮೇಲೆ ನಡೆಯುವಂಥದು. ಊಟ ನೆಲದ ಮೇಲೆ, ಹೂ ಕಟ್ಟುವುದು ನೆಲದ ಮೇಲೆ, ರಂಗೋಲಿ, ಪೂಜೆ, ಹರಟೆ ಎಲ್ಲ ನೆಲದ ಮೇಲೆ. 1968ರಲ್ಲಿ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಥಿ ಸೇರಿ ರಬ್ಬರಿನ ಪಾದವೊಂದನ್ನು ರೂಪಿಸಿದ್ದು ಇದನ್ನು ಮನಗಂಡೇ. ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯುವವನಿಗೆ ಅದು ಆಗಿಬರುತ್ತದೆ. ತೊಡೆಯ ಮಟ್ಟದಲ್ಲಿ ಕಾಲು ಹೋದವರಿಗೂ ಒಂದು ಸೌಕರ್ಯವಿದೆ: ಕೃತಕ ಕಾಲನ್ನು ಬಿಚ್ಚಿಟ್ಟು ಎಲ್ಲರ ಜೊತೆ ನೆಲದ ಮೇಲೆ ಕೂರಬಹುದು. ಒಳಗೆ ಕೂಡಿಸಿದ ಲೋಹದ ಮಂಡಿಯನ್ನು ಬಿಚ್ಚಿಡುವಂತಿಲ್ಲ. ಹೀಗೆಲ್ಲ ಲೆಕ್ಕ ಹಾಕಿ, ಕಾಲು ತೆಗೆಸುವುದೇ ಮೇಲೆಂದು ನನ್ನ ಮಟ್ಟಿಗೆ ನಿಶ್ಚಯ ಮಾಡಿಕೊಂಡು, ಅದನ್ನು ಹೇಳಲು ಅವರ ಮನೆಗೆ ಹೋದೆ.

ಯಾರಿಗೆ ಹೇಳುವುದು? ಇದು ಸಣ್ಣ ಪ್ರಶ್ನೆಯಲ್ಲ. ಕಾನೂನು ಹದಿನೆಂಟು ತುಂಬದವರ ಪರವಾಗಿ ತಂದೆ ತಾಯಿಯ ರುಜು ಕೇಳುತ್ತದೆ. ಪ್ರಾಯಕ್ಕೆ ಬಂದವರ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು. ರೋಗಿ ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ಆ ಒಪ್ಪಿಗೆ ಸಲ್ಲದು, ದೇಹ ಯಾರದೋ ಅವರನ್ನೇ ಕೇಳಬೇಕು ಎಂಬುದು ತೀರ್ಪಿನ ತಾತ್ಪರ್ಯ. ಹದಿನೆಂಟರ ದಿನ ಬೆಳಗಾಗುತ್ತಲೇ ತನ್ನ ಕಾಲಿನ ಮೇಲೆ ಹುಟ್ಟುವ ಹಕ್ಕು ಹದಿನಾರರಲ್ಲಿ ಪೂರ್ತಿ ಶೂನ್ಯವಾಗಿರುತ್ತದೆಯೇ? ಎಪ್ಪತ್ತು ವರ್ಷ ಆ ಕಾಲಿನ ಮೇಲೋ ಅದಿಲ್ಲದೆಯೋ ನಡೆಯಬೇಕಾದವಳು ಅವಳು. ಆದರೂ ಆ ಮನೆಯಲ್ಲಿ ಅಲ್ಲಿಯವರೆಗೆ ಎಲ್ಲರೂ ಮಾತಾಡಿದ್ದರು, ಸೋದರಮಾವ, ದೊಡ್ಡಪ್ಪ, ಪಕ್ಕದ ಮನೆಯವರು, ನಾನು. ನಿನಗೇನು ಬೇಕೆಂದು ಅವಳನ್ನು ಕೇಳಿದ್ದು ಬೆಂಗಳೂರಿನ ವೈದ್ಯರೊಬ್ಬರೇ.

ಕಾಲಾವಕಾಶವೊಂದಿತ್ತು. ಶಸ್ತ್ರಕ್ರಿಯೆಗೆ ಮೊದಲು ಎರಡೂವರೆ ತಿಂಗಳಿನಷ್ಟು ಕೀಮೋಥೆರಪಿ ಆಗಬೇಕಿತ್ತು. ನಾನು ಹೋದ ದಿನ ಅವಳು ಒಂದು ಸುತ್ತು ಮುಗಿಸಿ ಊರಿಗೆ ಬಂದಿದ್ದಳು. ತಲೆಗೂದಲು ಉದುರಿತ್ತು, ತಾಯಿಯ ಸೆರಗಿನ ಬಣ್ಣದ್ದೇ ಒಂದು ಬಟ್ಟೆ ಕಟ್ಟಿಕೊಂಡಿದ್ದಳು. ನಾನು ವಿಶ್ಪಲೆಯಿಂದ ಹಿಡಿದು ಜಯಪುರದವರೆಗೆ ಎಲ್ಲವನ್ನೂ ಹೇಳಿದೆ. ನೋಡುವವರ ಕಣ್ಣಿಗಾಗಿ ನಿನ್ನ ಬಾಳನ್ನು ಕಟ್ಟಿಹಾಕಬೇಡ ಎಂದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ಮೇಷ್ಟ್ರೇ, ನೋಡೋರ ಕಣ್ಣು ಅಂತೀರಲ್ಲ, ಆ ಕಣ್ಣುಗಳ ನಡುವೆ ಇರಬೇಕಾದೋಳು ನಾನೇ ಅಲ್ವೇನ್ರಿ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವ್ವ ದಿನಾ ನನ್ನ ಕಾಲು ನೋಡಿ ಅಳ್ತಿದ್ರೆ ನಾನು ಓಡಿ ಎಲ್ಲಿಗೆ ಹೋಗ್ಲಿ?”

ನನಗೆ ಮಾತು ಹೊರಡಲಿಲ್ಲ. ಆ ದಿನದಿಂದ ನಾನು ಯೋಚಿಸುತ್ತಿರುವುದು ಅವಳ ಈ ಮಾತನ್ನೇ. ಕಾಲಿರುವುದು ನಡೆಯುವುದಕ್ಕೆಂದು ಹೇಳಿದಾಗ ನಾನು ಕಾಲನ್ನು ಒಂದು ಸಲಕರಣೆಯೆಂದು ಎಣಿಸಿದ್ದೆ, ಗುದ್ದಲಿಯಂತೆ, ನೇಗಿಲಂತೆ. ಮನುಷ್ಯನ ದೇಹ ಅದೊಂದೇ ಅಲ್ಲ. ಅವನು ಇತರರಿಗೆ ಸಿಕ್ಕುವುದೂ ದೇಹದ ಮೂಲಕವೇ. ತಾಯಿ ಎಣ್ಣೆ ಹಚ್ಚಿ ನೀರೆರೆದ ಕಾಲು ಮಗಳದ್ದಾದರೂ ಅದರಲ್ಲಿ ತಾಯಿಗೆ ಏನೂ ಪಾಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಇನ್ನೊಬ್ಬರ ಪ್ರೀತಿಯನ್ನೂ ಲೆಕ್ಕಕ್ಕೆ ತಂದುಕೊಂಡು ಮಾಡಿದ ಆಯ್ಕೆ ಅಷ್ಟರಿಂದಲೇ ಪರಾಧೀನವಾಗಲಾರದು.

ಹಾಗೆಂದು ನನ್ನ ಸಂದೇಹ ಪೂರ್ತಿ ಹೋಗಿಲ್ಲ. ತಾಯಿಯ ಕಣ್ಣೀರು, ಮದುವೆಯ ಮಾತು, ಊರಿನ ಕಣ್ಣು, ಇವು ಮೂರೂ ಬೇರೆ ಬೇರೆ; ಮನೆಯೊಳಗೆ ಮಾತ್ರ ಮೂರಕ್ಕೂ ಅಕ್ಕರೆಯೆಂಬ ಒಂದೇ ಹೆಸರು. ಮಗನಾಗಿದ್ದರೆ ಇದೇ ಮನೆಯಲ್ಲಿ ಲೆಕ್ಕ ಬೇರೆಯಾಗುತ್ತಿತ್ತೇನೋ. ಕೆಲಸಕ್ಕೆ ಯಾವುದು ಅನುಕೂಲವೆಂದು ಮೊದಲು ಕೇಳುತ್ತಿದ್ದರು. ಹುಡುಗಿಯ ವಿಷಯದಲ್ಲಿ ಯಾವುದು ಕಾಣುವುದಿಲ್ಲವೆಂದು ಕೇಳಿದರು. ತಿರುಗಿಸಿದ ಪಾದವನ್ನು ಅವಳು ನಕ್ಕು ಬಿಟ್ಟಳೆಂದೆನಲ್ಲ, ಆ ನಗೆಯ ಹಿಂದೆ ಒಂದು ಗಳಿಗೆಯಾದರೂ ಆಸೆ ಇತ್ತೋ ಏನೋ. ಓಡುವ ಹುಡುಗಿ ಅವಳು. ಅದನ್ನು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಸಂಗತಿ ಮಾತ್ರ ನನಗೆ ಸಮಾಧಾನ ತಂದಿತು. ಅವಳು ಒಂದು ನೋಟುಪುಸ್ತಕ ಇಟ್ಟಿದ್ದಳು. ವೈದ್ಯರನ್ನು ಕೇಳಬೇಕಾದದ್ದನ್ನು ಎಡ ಪುಟದಲ್ಲೂ ಅವರು ಹೇಳಿದ್ದನ್ನು ಬಲ ಪುಟದಲ್ಲೂ ಬರೆದಿದ್ದಳು. ಲೋಹದ ಮಂಡಿ ಎಷ್ಟು ವರ್ಷ ಬಾಳುತ್ತದೆ, ಎರಡನೆಯ ಸಲ ಮಾಡಿಸುವಾಗ ಖರ್ಚು ಯಾರದು, ಸೈಕಲ್ ತುಳಿಯಬಹುದೇ, ಬಸ್ಸು ಹತ್ತಬಹುದೇ, ಸೋಂಕು ಬಂದರೆ ಮೊದಲು ಏನು ಕಾಣಿಸುತ್ತದೆ, ಮತ್ತೆ ರೋಗ ಬಂದರೆ ಕಾಲು ತೆಗೆಯುತ್ತೀರಾ. ಅಪ್ಪ ಕೇಳಲು ಹೆದರಿದ ಪ್ರಶ್ನೆಗಳೆಲ್ಲ ಅದರಲ್ಲಿದ್ದವು. ಬಿಡುವುದೇನೆಂದು ತಿಳಿದೇ ಅವಳು ಬಿಟ್ಟಳು. ಖೋಖೋ ಎಂದು ಬರೆದು, ಪಕ್ಕದಲ್ಲಿ ಇಲ್ಲ ಎಂದು ಬರೆದಿತ್ತು.

ಕಾಲನ್ನು ಉಳಿಸಿದರು. ಶಸ್ತ್ರಕ್ರಿಯೆ ಏಳು ಗಂಟೆ ಹಿಡಿಯಿತಂತೆ. ತೆಗೆದ ಮೂಳೆಯ ಅಂಚುಗಳಲ್ಲಿ ರೋಗವಿಲ್ಲವೆಂದು ವರದಿ ಬಂತು. ಆಮೇಲೆ ಮತ್ತೆ ಕೀಮೋಥೆರಪಿ, ಮತ್ತೆ ಹಂಪಿ ಎಕ್ಸ್‌ಪ್ರೆಸ್ಸು, ಒಂದು ವರ್ಷ ಕಾಲೇಜು ತಪ್ಪಿತು. ತುರ್ತಾ ಕಾಲುವೆಯ ಮಗ್ಗುಲಿನ ಹೊಲದಲ್ಲಿ ಅರ್ಧ ಎಕರೆ ಮಾರಾಟವಾಯಿತು. ಸರ್ಕಾರದ ಆರೋಗ್ಯ ಕಾರ್ಡಿನಿಂದ ಬಹಳಷ್ಟು ನಡೆದರೂ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇರುವ ಖರ್ಚನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಹೋದ ತಿಂಗಳು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಸ್ವಲ್ಪ ಎಳೆದು ನಡೆಯುತ್ತಾಳೆ. ಕೋಲು ಬಾಗಿಲ ಮೂಲೆಯಲ್ಲಿ ಒರಗಿತ್ತು. ನಾನು ಕಂಡಂತೆ ಆ ಮನೆಯಲ್ಲಿ ಊಟಕ್ಕೆ ಮೇಜು ಇರಲಿಲ್ಲ. ಈಗ ಒಂದು ಮರದ ಮೇಜು ಬಂದಿದೆ, ನಾಲ್ಕು ಕುರ್ಚಿಗಳೂ. ಅಪ್ಪ, ತಮ್ಮ, ನಾನು, ಅವಳು ಮೇಲೆ ಕೂತೆವು. ತಾಯಿ ಬಡಿಸಿ ಮುಗಿಸಿ, ಎಷ್ಟು ಕರೆದರೂ ಮೇಲೆ ಬರದೆ, ಮಗಳ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತರು. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಬುಧವಾರಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿತ್ತು. ಏನೆಂದು ಕೇಳಿದೆ. ಶ್ವಾಸಕೋಶದ ಸ್ಕ್ಯಾನ್, ಮೂರು ತಿಂಗಳಿಗೊಮ್ಮೆ ಎಂದಳು. ತಾಯಿ ತಲೆ ಎತ್ತದೆ ಅನ್ನಕ್ಕೆ ಸಾರು ಕಲಸುತ್ತಿದ್ದರು.